ಸಹಾಯ ಬೇಕು: ಗೆದ್ದರೂ ಚೆಸ್ ರೇಟಿಂಗ್ ಏರುತ್ತಿಲ್ಲ ಯಾಕೆ?

ನಮಸ್ಕಾರ, ತುಮಕೂರಲ್ಲಿ ಚೆಸ್ ಬಲ್ಲವರು ಯಾರಾದರೂ ಇದ್ದೀರಾ? ಅಕ್ಕನ ಮಗ ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ಆಡ್ತಾನೆ. ಶುರುವಿನಲ್ಲಿ 1500ರ ಪಕ್ಕ ಪ್ರಶ್ನಾರ್ಥಕ ಚಿಹ್ನೆ (ಅಂಕ ಇನ್ನೂ ಖಚಿತವಲ್ಲ ಅಂತ) ಇದ್ದಾಗ ಅಂಕ ದಬದಬ ಏರಿಳೀತಿತ್ತು. ಈಗ ತನಗಿಂತ ತುಂಬಾ ಕೆಳಗಿನವರನ್ನ ಸೋಲಿಸಿದರೆ ಒಂದೋ ಎರಡೋ ಬರುತ್ತೆ. ಅವರ ಕೈಲಿ ಸೋತರೆ ಮಾತ್ರ ಹತ್ತರ ಹತ್ತಿರ ಹೋಗುತ್ತೆ. 'ಇದು ಮೋಸ ಮಾಮ' ಅಂತ ಮುಖ ಊದಿಸಿಕೊಂಡಿದ್ದಾನೆ.

ಈಲೋ ಅನ್ನೋ ರೇಟಿಂಗ್ ಪದ್ಧತಿಯ ಲೆಕ್ಕ ಗೊತ್ತು: 400 ಅಂಕ ಮೇಲಿದ್ದವನು ಹತ್ತು ಆಟಕ್ಕೆ ಸುಮಾರು ಒಂಬತ್ತು ಪಾಯಿಂಟ್ ಗಳಿಸಬೇಕು ಅನ್ನೋ ನಿರೀಕ್ಷೆ, ಡ್ರಾ ಆದರೂ ನಷ್ಟವೇ. ಜಾಗತಿಕ ಚೆಸ್ ಸಂಸ್ಥೆ ಫಿಡೆಯಲ್ಲಿ 2400 ಮುಟ್ಟಿದವರಿಗೆ ಕೆ (ಒಂದು ಆಟಕ್ಕೆ ಅಂಕ ಎಷ್ಟು ಕದಲಬಹುದು ಅನ್ನೋ ಮಿತಿ) 10, ಹೊಸಬರಿಗೆ 40. ಅದೂ ಸರಿ. ತಲೆಗೆ ಹತ್ತದಿರೋದು ಲಿಚೆಸ್‌ನವರ ಗ್ಲಿಕೋ-2 ಅನ್ನೋ ಬೇರೆ ಪದ್ಧತಿ. ಆಡದೆ ಬಿಟ್ಟರೆ ಡೀವಿಯೇಶನ್ (ಅಂಕ ಎಷ್ಟು ಅನಿಶ್ಚಿತ ಅನ್ನೋ ಅಳತೆ) ಮತ್ತೆ ಹಿಗ್ಗುತ್ತಲ್ಲ, ಎದುರಾಳಿಯ ಡೀವಿಯೇಶನ್ ನಮ್ಮ ಅಂಕವನ್ನ ಎಷ್ಟು ಕದಲಿಸುತ್ತೆ? ಭಾನುವಾರ ಅಮಾನಿಕೆರೆ ಕಡೆ ಬರೋರು ಒಂದು ಆಟದ ಲೆಕ್ಕ ಕಾಗದದ ಮೇಲೆ ಹಾಕಿ ತೋರಿಸಿದರೆ ಸಾಕು, ಕಾಫಿ ನನ್ನದು.