1998ರ ಪುಸ್ತಕಸೂಚಿ ತಂತ್ರಾಂಶ ವಿಂಡೋಸ್ 11ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ

ಪ್ರಶ್ನೆ: ಪುಸ್ತಕಪಾಲಕ

ಎಲ್ಲರಿಗೂ ನಮಸ್ಕಾರ. 1998ರಲ್ಲಿ ಸಿಡಿಯ ರೂಪದಲ್ಲಿ ಕೊಂಡ ಒಂದು ಪುಸ್ತಕಸೂಚಿ ತಂತ್ರಾಂಶವನ್ನು ನಾನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಳಸಿದ್ದೇನೆ. ನನ್ನ ಸಂಗ್ರಹದಲ್ಲಿರುವ ಸುಮಾರು ಆರು ಸಾವಿರ ಪುಸ್ತಕಗಳ ವಿವರ, ಯಾವ ಪುಸ್ತಕ ಯಾರ ಬಳಿ ಹೋಗಿ ಯಾವಾಗ ಮರಳಿತು ಎಂಬ ದಾಖಲೆ, ಓದುವಾಗ ಮಾಡಿಕೊಂಡ ಟಿಪ್ಪಣಿಗಳು, ಎಲ್ಲವೂ ಅದರಲ್ಲಿಯೇ ಇವೆ. ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಳೆದ ತಿಂಗಳು ಸಂಪೂರ್ಣವಾಗಿ ಕೆಟ್ಟುಹೋಯಿತು. ಪೆನ್ ಡ್ರೈವಿನಲ್ಲಿ ತೆಗೆದಿಟ್ಟಿದ್ದ, ಆ ದಾಖಲೆಗಳಿರುವ ಎಂಡಿಬಿ (ದತ್ತಾಂಶ) ಕಡತವೊಂದು ಮತ್ತು ಮೂಲ ಸಿಡಿ, ಇವೆರಡು ಮಾತ್ರ ಉಳಿದಿವೆ.

ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಸಿಡಿಯ ಸೆಟಪ್ ಕಡತವನ್ನು ತೆರೆದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲಾರದು, ನಿಮ್ಮ ಪಿಸಿಗೆ ಹೊಂದುವ ಆವೃತ್ತಿಗಾಗಿ ಪ್ರಕಾಶಕರನ್ನು ವಿಚಾರಿಸಿ ಎಂಬ ಅರ್ಥದ ಸಂದೇಶ ಬಂದು ಅಲ್ಲಿಗೇ ನಿಲ್ಲುತ್ತದೆ. ವಿಚಾರಿಸೋಣವೆಂದರೆ ಆ ಸಂಸ್ಥೆಯೇ ಈಗ ಇಲ್ಲ. ಸೆಟಪ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೋಡಿದ್ದೇನೆ, ಸಿಡಿಯ ಕಡತಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲಿಸಿ ಅಲ್ಲಿಂದಲೂ ಪ್ರಯತ್ನಿಸಿದ್ದೇನೆ, ಫಲಿತಾಂಶ ಬದಲಾಗಲಿಲ್ಲ. ಪೆಟ್ಟಿಗೆಯ ಮೇಲೆ ವಿಂಡೋಸ್ 95, 98 ಹಾಗೂ ಎನ್‌ಟಿ 4.0 ಎಂದು ಮುದ್ರಿಸಿದ್ದಾರೆ. ಈ ತಂತ್ರಾಂಶವನ್ನು ಮತ್ತೆ ಬಳಸುವ ದಾರಿ ಇದೆಯೇ? ಇಲ್ಲವಾದರೆ ದಾಖಲೆಗಳನ್ನಾದರೂ ಉಳಿಸಿಕೊಳ್ಳಬಹುದೇ?

ಉತ್ತರ: ಸಂಜೆಗಣಕ

ಸೆಟಪ್ ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ವಿಭಾಗಕ್ಕೆ ಹೋಗಿ ವಿಂಡೋಸ್ 95 ಅಥವಾ ಎಕ್ಸ್‌ಪಿ ಆಯ್ಕೆ ಮಾಡಿ ನೋಡಿದ್ದೀರಾ? ನನ್ನ ಬಳಿಯಿದ್ದ 2004ರ ಒಂದು ನಿಘಂಟು ತಂತ್ರಾಂಶ ಅಷ್ಟರಿಂದಲೇ ಸರಿಹೋಗಿತ್ತು.

ಉತ್ತರ: ಕಡತಶೋಧಕ

ಸಂಜೆಗಣಕ ಅವರ ಸಲಹೆ 2004ರ ತಂತ್ರಾಂಶಕ್ಕೆ ಸರಿಯಾದುದೇ. ಆದರೆ ಇಲ್ಲಿನ ತೊಡಕು ಬೇರೆ ಬಗೆಯದೆಂದು ತೋರುತ್ತದೆ. ಕಂಪ್ಯಾಟಿಬಿಲಿಟಿ ವ್ಯವಸ್ಥೆಯು ಮುಖ್ಯವಾಗಿ ಎರಡು ಕೆಲಸ ಮಾಡುತ್ತದೆ: ವಿಂಡೋಸ್‌ನ ಆವೃತ್ತಿ ಯಾವುದೆಂದು ತಂತ್ರಾಂಶ ಕೇಳಿದಾಗ ಹಳೆಯ ಸಂಖ್ಯೆಯನ್ನು ಹೇಳುತ್ತದೆ, ಮತ್ತು ಹಿಂದಿನ ಕಾಲದ ಕೆಲವು ನಡವಳಿಕೆಗಳನ್ನು ಅನುಕರಿಸುತ್ತದೆ. ತಂತ್ರಾಂಶ ಓಡಲು ಆರಂಭಿಸಿದ ಮೇಲೆ ಎದುರಾಗುವ ಅಡ್ಡಿಗಳಿಗೆ ಮಾತ್ರ ಇದು ಮದ್ದು. ನೀವು ಕಂಡ ಸಂದೇಶವು ತಂತ್ರಾಂಶ ಓಡುವುದಕ್ಕೆ ಮೊದಲೇ ಬಂದಿದೆ.

ಸೆಟಪ್ ಕಡತವು 16 ಬಿಟ್‌ನದು ಎಂಬುದು ನನ್ನ ಊಹೆ, ಇದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಯಾವುದಾದರೂ ಹೆಕ್ಸ್ ಎಡಿಟರಿನಲ್ಲಿ (ಕಡತದ ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ತಂತ್ರಾಂಶದಲ್ಲಿ) ಆ ಕಡತವನ್ನು ತೆರೆಯಿರಿ. ಆರಂಭದಲ್ಲಿ ಎಂ ಮತ್ತು ಝಡ್ ಎಂಬ ಎರಡು ರೋಮನ್ ಅಕ್ಷರಗಳು ಇರುತ್ತವೆ, ಅವು ಎಲ್ಲ ಇಎಕ್ಸ್‌ಇ ಕಡತಗಳಲ್ಲಿಯೂ ಇರುವಂಥವು. ಅಲ್ಲಿಂದ ಸ್ವಲ್ಪ ಕೆಳಗೆ, ಡಾಸ್‌ಗೆ ಸಂಬಂಧಿಸಿದ ಒಂದು ಸಾಲಿನ ಬಳಿಕ, ಪಿ ಇ ಎಂದಿದ್ದರೆ ಕಡತ 32 ಅಥವಾ 64 ಬಿಟ್‌ನದು. ಎನ್ ಇ ಎಂದಿದ್ದರೆ ಅದು ವಿಂಡೋಸ್ 3.1ರ ಕಾಲದ 16 ಬಿಟ್ ಕಡತ. ಸೆಟಪ್ ಜೊತೆಗೆ, ಇನ್‌ಸ್ಟಾಲ್ ಆದ ಮೇಲೆ ಓಡಬೇಕಾದ ಮುಖ್ಯ ಕಡತವೂ ಸಿಡಿಯಲ್ಲಿ ಬಿಡಿಯಾಗಿ ಇದ್ದರೆ ಅದನ್ನೂ ಹೀಗೆಯೇ ನೋಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ವಿಂಡೋಸ್ 95ರ ನಂತರದ ಹಲವು ತಂತ್ರಾಂಶಗಳು ಸ್ವತಃ 32 ಬಿಟ್‌ನವೇ ಆಗಿದ್ದವು, ಆದರೆ ಅವುಗಳನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಮಾತ್ರ 16 ಬಿಟ್‌ನದಾಗಿಯೇ ಉಳಿದಿತ್ತು, ವಿಂಡೋಸ್ 3.1 ಇದ್ದ ಯಂತ್ರದಲ್ಲಿ ಸಿಡಿ ಹಾಕಿದವರಿಗೂ ಒಂದು ಸ್ಪಷ್ಟವಾದ ಸಂದೇಶ ಕಾಣಿಸಲೆಂದು ಹಾಗೆ ಮಾಡಿದ್ದೂ ಉಂಟು. 64 ಬಿಟ್ ವಿಂಡೋಸ್ 32 ಬಿಟ್ ತಂತ್ರಾಂಶಗಳನ್ನು ಇಂದಿಗೂ ಚೆನ್ನಾಗಿಯೇ ಓಡಿಸುತ್ತದೆ, 16 ಬಿಟ್‌ನವನ್ನು ಓಡಿಸುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಹ್ಯಾಂಡಲ್‌ಗಳಿಗೆ (ಪರದೆಯ ವಿಂಡೋ, ಕಡತ ಮುಂತಾದವನ್ನು ಗುರುತಿಸಲು ವಿಂಡೋಸ್ ಕೊಡುವ ಸಂಖ್ಯೆಗಳಿಗೆ) 32 ಬಿಟ್‌ಗಳಷ್ಟು ಅರ್ಥಪೂರ್ಣ ಮೌಲ್ಯವಿರುತ್ತದೆ, ಅದನ್ನು 16 ಬಿಟ್‌ಗೆ ಕತ್ತರಿಸಿ ಕೊಟ್ಟರೆ ಮಾಹಿತಿ ನಷ್ಟವಾಗುತ್ತದೆ ಎಂಬುದು ಮೈಕ್ರೋಸಾಫ್ಟ್ ಕೊಡುವ ಕಾರಣ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ದೊರೆಯುತ್ತಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಆ ಆವೃತ್ತಿಯೇ ಇಲ್ಲ. ಹಾಗಾಗಿ ನಿಮ್ಮ ತಂತ್ರಾಂಶವೇ ಹಳತಾಗಿ ಕೆಲಸಕ್ಕೆ ಬಾರದಾಗಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಬಾಗಿಲಲ್ಲಿ ಸಿಕ್ಕಿಕೊಂಡಿರುವುದು ಸೆಟಪ್ ಮಾತ್ರ ಇರಬಹುದು.

ಮುಂದುವರಿಯುವ ಮೊದಲು ಸಿಡಿಯ ಐಎಸ್‌ಒ ಪ್ರತಿಯೊಂದನ್ನು (ಇಡೀ ಸಿಡಿಯನ್ನು ಒಂದೇ ಕಡತವಾಗಿಸಿದ ನಕಲನ್ನು) ತೆಗೆದು ಎರಡು ಕಡೆ ಇಡಿ. ಇಪ್ಪತ್ತೈದು ವರ್ಷ ದಾಟಿದ ಸಿಡಿಯನ್ನು ಪದೇ ಪದೇ ಡ್ರೈವಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಎಂಡಿಬಿ ಕಡತವನ್ನೂ ನಕಲಿಸಿಟ್ಟುಕೊಂಡು, ನಕಲಿನ ಮೇಲೆ ಮಾತ್ರ ಪ್ರಯೋಗ ಮಾಡಿ. ಸಿಡಿಯಲ್ಲಿರುವ ಕಡತಗಳ ಹೆಸರುಗಳನ್ನು ಇಲ್ಲಿ ಬರೆದರೆ ಇನ್ನಷ್ಟು ಖಚಿತವಾಗಿ ಹೇಳಬಹುದು.

ಪುಸ್ತಕಪಾಲಕ

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು. ಸೆಟಪ್ ಕಡತದಲ್ಲಿ ನೀವು ಹೇಳಿದಂತೆಯೇ ಎನ್ ಇ ಕಾಣಿಸಿತು. ಸಿಡಿಯಲ್ಲಿ ಸೆಟಪ್.ಇಎಕ್ಸ್‌ಇ, ಸೆಟಪ್.ಐಎನ್‌ಎಸ್, ಸೆಟಪ್.ಪಿಕೆಜಿ, ಅಡಿಗೆರೆಯಿಂದ ಆರಂಭವಾಗುವ ಇನ್‌ಸ್ಟ್32ಐ ಎಂಬ ಒಂದು ಕಡತ, ಮತ್ತು ಡಾಟಾ.ಝಡ್ ಎಂಬ ದೊಡ್ಡ ಕಡತ ಇವೆ. ಮುಖ್ಯ ತಂತ್ರಾಂಶದ ಕಡತ ಬಿಡಿಯಾಗಿ ಎಲ್ಲಿಯೂ ಕಾಣುತ್ತಿಲ್ಲ. ಐಎಸ್‌ಒ ಪ್ರತಿ ತೆಗೆದಿದ್ದೇನೆ.

ಉತ್ತರ: ಕಡತಶೋಧಕ

ಇದು ಸೆಟಪ್‌ಗಳನ್ನು ತಯಾರಿಸುವ ಇನ್‌ಸ್ಟಾಲ್‌ಶೀಲ್ಡ್ ಎಂಬ ತಂತ್ರಾಂಶದ 3ನೆಯ ಆವೃತ್ತಿಯಿಂದ ಮಾಡಿದ ಸೆಟಪ್. 5ನೆಯ ಆವೃತ್ತಿಯದಾಗಿದ್ದರೆ ಡಾಟಾ1.ಸಿಎಬಿ ಎಂಬ ಕಡತ ಇರುತ್ತಿತ್ತು, ನಿಮ್ಮ ಕೆಲಸವೂ ಹಗುರವಾಗುತ್ತಿತ್ತು. ಏಕೆಂದರೆ 64 ಬಿಟ್ ವಿಂಡೋಸ್ ಕೆಲವೇ ಕೆಲವು 16 ಬಿಟ್ ಸೆಟಪ್‌ಗಳನ್ನು ಗುರುತಿಸಿ, ಅವುಗಳ ಜಾಗದಲ್ಲಿ ತನ್ನದೇ 32 ಬಿಟ್ ರೂಪವನ್ನು ಸದ್ದಿಲ್ಲದೆ ಓಡಿಸುತ್ತದೆ. ಆ ಪಟ್ಟಿಯಲ್ಲಿ ಮೈಕ್ರೋಸಾಫ್ಟ್‌ನದೇ ಆದ ಆ್ಯಕ್ಮಿ ಸೆಟಪ್‌ನ ಕೆಲವು ಆವೃತ್ತಿಗಳೂ ಇನ್‌ಸ್ಟಾಲ್‌ಶೀಲ್ಡ್ 5 ಕೂಡ ಇವೆ, 3 ಇಲ್ಲ. ಒಂದೇ ವರ್ಷದ ಎರಡು ಸಿಡಿಗಳಲ್ಲಿ ಒಂದು ಇನ್‌ಸ್ಟಾಲ್ ಆಗಿ ಇನ್ನೊಂದು ಆಗದಿರುವುದಕ್ಕೆ ಹಲವು ಬಾರಿ ಇದೇ ಕಾರಣ.

ಇನ್ನು ಅಡಿಗೆರೆಯಿರುವ ಆ ಕಡತವನ್ನು ಗಮನಿಸಿ. ಹೆಸರಿನಲ್ಲಿ 32 ಇರುವುದು ಅದು 32 ಬಿಟ್ ಇನ್‌ಸ್ಟಾಲ್ ಎಂಜಿನ್ ಆಗಿರುವುದರಿಂದ. ಆದ್ದರಿಂದ ಒಳಗಿನ ತಂತ್ರಾಂಶವೂ 32 ಬಿಟ್‌ನದು ಎಂದು ನಂಬಲು ಸಾಕಷ್ಟು ಆಧಾರವಿದೆ. ನಾನು ಸೂಚಿಸುವ ದಾರಿ ಹೀಗಿದೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಯಂತ್ರವನ್ನು) ಅನುಕರಿಸುವ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರೊಳಗೆ ನಿಮ್ಮ ಬಳಿ ಪರವಾನಗಿ ಇರುವ 32 ಬಿಟ್ ವಿಂಡೋಸ್ ಒಂದನ್ನು, ಎಂದರೆ ಎಕ್ಸ್‌ಪಿಯ ಸಿಡಿ ಇನ್ನೂ ಇದ್ದರೆ ಅದನ್ನೇ, ಇನ್‌ಸ್ಟಾಲ್ ಮಾಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಿಂದ ಭದ್ರತಾ ಪರಿಷ್ಕರಣೆಗಳು ನಿಂತಿರುವುದರಿಂದ ಆ ವರ್ಚುವಲ್ ಯಂತ್ರದ ನೆಟ್‌ವರ್ಕ್ ಸಂಪರ್ಕವನ್ನು ಮೊದಲೇ ತೆಗೆದುಹಾಕಿ. ಐಎಸ್‌ಒ ಪ್ರತಿಯನ್ನು ಅದಕ್ಕೆ ಸಿಡಿಯಂತೆ ಜೋಡಿಸಿ ಸೆಟಪ್ ಓಡಿಸಿ. ಅಲ್ಲಿ ತಂತ್ರಾಂಶ ತೆರೆದು ನಿಮ್ಮ ಎಂಡಿಬಿ ಕಡತವನ್ನು ಓದಿದರೆ, ಅರ್ಧ ಗೆದ್ದಂತೆ.

ವರ್ಚುವಲ್ ಯಂತ್ರದಲ್ಲಿಯೇ ಬಳಸುತ್ತ ಹೋಗುವುದಾದರೆ ಇಷ್ಟು ಸಾಕು. ವಿಂಡೋಸ್ 11ರಲ್ಲಿಯೇ ಬೇಕೆಂದಾದರೆ, ಅಲ್ಲಿ ಇನ್‌ಸ್ಟಾಲ್ ಆದ ಫೋಲ್ಡರನ್ನು ಇಡಿಯಾಗಿ ಹೊರಗೆ ನಕಲಿಸಿಕೊಳ್ಳಿ. ಹಾಗೆ ನಕಲಿಸುವಾಗ ಅದನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಳೆಯ ತಂತ್ರಾಂಶಗಳು ತಮ್ಮ ದಾಖಲೆಗಳನ್ನು ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ. ವಿಸ್ಟಾದಿಂದ ಈಚೆಗೆ ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇಲ್ಲದ ಕಾರಣ, ವಿಂಡೋಸ್ ಆ ಬರಹವನ್ನು ಬಳಕೆದಾರರ ಆ್ಯಪ್‌ಡಾಟಾ ಫೋಲ್ಡರಿನೊಳಗಿನ ವರ್ಚುವಲ್‌ಸ್ಟೋರ್ ಎಂಬಲ್ಲಿಗೆ ತಿರುಗಿಸುತ್ತದೆ. ತಂತ್ರಾಂಶಕ್ಕೆ ಇದು ತಿಳಿಯುವುದೇ ಇಲ್ಲ. ಮೂಲ ಜಾಗದಲ್ಲಿರುವ ಕಡತ ಹಳೆಯದಾಗಿಯೇ ಉಳಿಯುತ್ತದೆ, ನೀವು ಅದನ್ನೇ ಬ್ಯಾಕಪ್ ಮಾಡುತ್ತ ಹೋಗುತ್ತೀರಿ, ಮತ್ತು ಯಂತ್ರ ಬದಲಿಸಿದ ದಿನ ಎರಡು ವರ್ಷಗಳ ದಾಖಲೆ ಕಾಣೆಯಾಗಿರುತ್ತದೆ. ಹೀಗೆ ದಾಖಲೆ ಕಳೆದುಕೊಂಡ ಒಬ್ಬ ಸ್ನೇಹಿತರ ಬೇಸರವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಿ ಡ್ರೈವಿನ ಮೂಲದಲ್ಲಿ ಪ್ರತ್ಯೇಕ ಫೋಲ್ಡರ್ ಮಾಡಿಕೊಂಡು, ಅದರಲ್ಲಿ ಬರೆಯುವ ಅನುಮತಿ ನಿಮ್ಮ ಖಾತೆಗೆ ಇದೆಯೆಂದು ಖಚಿತಪಡಿಸಿಕೊಳ್ಳಿ.

ಪುಸ್ತಕಪಾಲಕ

ಎಕ್ಸ್‌ಪಿಯ ಸಿಡಿ ಸಿಕ್ಕಿತು, ವರ್ಚುವಲ್ ಯಂತ್ರದಲ್ಲಿ ತಂತ್ರಾಂಶ ಇನ್‌ಸ್ಟಾಲ್ ಆಯಿತು. ನನ್ನ ಆರು ಸಾವಿರ ಪುಸ್ತಕಗಳ ಪಟ್ಟಿ ತೆರೆದುಕೊಂಡಾಗ ಆದ ಸಂತೋಷವನ್ನು ಹೇಳಲಾರೆ. ಆದರೆ ಆ ಫೋಲ್ಡರನ್ನು ವಿಂಡೋಸ್ 11ಕ್ಕೆ ತಂದು ತೆರೆದರೆ ಎಂಎಸ್‌ವಿಬಿವಿಎಂ50.ಡಿಎಲ್‌ಎಲ್ ಇಲ್ಲ ಎನ್ನುತ್ತದೆ. ಆ ಕಡತವನ್ನು ಎಕ್ಸ್‌ಪಿಯ ಸಿಸ್ಟಂ32 ಫೋಲ್ಡರಿನಿಂದ ತಂದು ತಂತ್ರಾಂಶದ ಪಕ್ಕದಲ್ಲಿಟ್ಟ ಮೇಲೆ ಮೊದಲ ಪರದೆ ಬರುತ್ತದೆ, ಕೂಡಲೇ 429 ಎಂಬ ದೋಷಸಂಖ್ಯೆ ತೋರಿಸಿ ಮುಚ್ಚಿಕೊಳ್ಳುತ್ತದೆ.

ಉತ್ತರ: ದತ್ತಾಂಶಪ್ರಿಯ

ನಡುವೆ ಸೇರಿಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ, ಈ ಎರಡು ದೋಷಗಳನ್ನು ನಾನು ಹಿಂದೆ ಎದುರಿಸಿದ್ದೇನೆ. ನಿಮ್ಮ ತಂತ್ರಾಂಶವನ್ನು ವಿಷುಯಲ್ ಬೇಸಿಕ್ 5ರಲ್ಲಿ ಬರೆದಿದ್ದಾರೆ. ಅದರ ನಂತರದ 6ನೆಯ ಆವೃತ್ತಿಗೆ ಬೇಕಾದ ರನ್‌ಟೈಮ್ (ತಂತ್ರಾಂಶ ಓಡಲು ಬೇಕಾದ ಸಹಾಯಕ ಕಡತ) ವಿಂಡೋಸ್‌ನೊಂದಿಗೇ ಬರುತ್ತದೆ, 5ರದ್ದು ಬರುವುದಿಲ್ಲ. ನೀವು ಅದನ್ನು ಪಕ್ಕದಲ್ಲಿಟ್ಟದ್ದು ಸರಿಯಾದ ಕ್ರಮ. 429 ಎಂದರೆ ಆ್ಯಕ್ಟಿವ್‌ಎಕ್ಸ್ ಘಟಕವೊಂದನ್ನು ಸೃಷ್ಟಿಸಲು ಆಗಲಿಲ್ಲ ಎಂದರ್ಥ. ಅಂಥ ಘಟಕಗಳು ಡಿಸ್ಕಿನಲ್ಲಿ ಇದ್ದರಷ್ಟೇ ಸಾಲದು, ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ವಿವರಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ನೋಂದಣಿಯೂ ಆಗಿರಬೇಕು. ಆ ನೋಂದಣಿಯನ್ನು ಸೆಟಪ್ ಮಾಡುತ್ತಿತ್ತು, ಈಗ ಅದು ನಿಮ್ಮ ಪಾಲಿಗೆ ಬಂದಿದೆ. ಎಂಡಿಬಿ ಬಳಸುವ ಆ ಕಾಲದ ತಂತ್ರಾಂಶವಾದ್ದರಿಂದ ನನ್ನ ಮೊದಲ ಸಂಶಯ ಡಿಎಒ350.ಡಿಎಲ್‌ಎಲ್ ಮೇಲೆ. ಎಕ್ಸ್‌ಪಿಯಲ್ಲಿ ಅದು ಕಾಮನ್ ಫೈಲ್ಸ್ ಒಳಗೆ ಮೈಕ್ರೋಸಾಫ್ಟ್ ಶೇರ್ಡ್, ಅದರೊಳಗೆ ಡಿಎಒ ಫೋಲ್ಡರಿನಲ್ಲಿ ಇರುತ್ತದೆ, ಅದು ನೆಚ್ಚಿಕೊಂಡಿರುವ ಎಂಎಸ್‌ಜೆಟ್35.ಡಿಎಲ್‌ಎಲ್ ಸಿಸ್ಟಂ32ರಲ್ಲಿ ಇರುತ್ತದೆ. ಇವುಗಳ ಜೊತೆಗೆ, ಇನ್‌ಸ್ಟಾಲ್ ಆದ ದಿನದಂದೇ ಅಲ್ಲಿ ಸೇರಿಕೊಂಡ ಒಸಿಎಕ್ಸ್ (ಆ್ಯಕ್ಟಿವ್‌ಎಕ್ಸ್ ಘಟಕಗಳ) ಕಡತಗಳನ್ನೂ ತನ್ನಿ.

ನೋಂದಣಿ ಮಾಡುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್ ಕಡತಗಳು, ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿರುವುದು 32 ಬಿಟ್ ಕಡತಗಳು. ಹೆಸರುಗಳು ತಿರುವುಮುರುವಾದಂತೆ ಕಂಡರೂ ಇರುವುದು ಹಾಗೆಯೇ. ಆದ್ದರಿಂದ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸಿಸ್‌ವಾವ್64 ಒಳಗಿನ, ನೋಂದಣಿ ಮಾಡುವ ರೆಗ್‌ಎಸ್‌ವಿಆರ್32 ಅನ್ನು ಪೂರ್ಣ ಮಾರ್ಗಸಹಿತ ಕರೆದು, ಒಂದೊಂದೇ ಕಡತವನ್ನು ನೋಂದಾಯಿಸಿ. ರಿಜಿಸ್ಟ್ರಿಯಲ್ಲಿಯೂ ಇಂಥದೇ ಏರ್ಪಾಡಿದೆ: 32 ಬಿಟ್ ತಂತ್ರಾಂಶವು ಲೋಕಲ್ ಮಷೀನ್‌ನ ಸಾಫ್ಟ್‌ವೇರ್ ಕೀಲಿಯನ್ನು ಓದಿದೆನೆಂದು ಭಾವಿಸಿದಾಗ, ವಾಸ್ತವವಾಗಿ ಅದರೊಳಗಿನ ವಾವ್6432ನೋಡ್ ಎಂಬ ಕೀಲಿಯನ್ನು ಓದುತ್ತಿರುತ್ತದೆ. ನೋಂದಣಿ ಸಂಖ್ಯೆಯೋ ದತ್ತಾಂಶದ ಜಾಗವೋ ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಬರೆದಿದ್ದರೆ, ಹೊಸ ಯಂತ್ರದಲ್ಲಿ ಅದನ್ನು ಆ ಕೀಲಿಯ ಅಡಿಯಲ್ಲಿ ಸೇರಿಸಬೇಕಾಗುತ್ತದೆ.

ಬೇಕಾದ ಡಿಎಲ್‌ಎಲ್‌ಗಳನ್ನು ಅಂತರ್ಜಾಲದ ಯಾವುದೋ ತಾಣದಿಂದ ಇಳಿಸಿಕೊಳ್ಳಬೇಡಿ. ನಿಮ್ಮದೇ ವರ್ಚುವಲ್ ಯಂತ್ರದಲ್ಲಿ ಮೂಲ ಕಡತಗಳು ಇರುವಾಗ ಅಂಥ ಅಪಾಯವೇ ಬೇಡ.

ಕೊನೆಯದಾಗಿ, ತಂತ್ರಾಂಶಕ್ಕಿಂತ ದಾಖಲೆ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಎಂಡಿಬಿ ಬಹುಶಃ ಆ್ಯಕ್ಸೆಸ್ 97ರ ಸ್ವರೂಪದ್ದು. ಆ್ಯಕ್ಸೆಸ್ 2010 ಅದನ್ನು ತೆರೆದು ಹೊಸ ಸ್ವರೂಪಕ್ಕೆ ಪರಿವರ್ತಿಸಬಲ್ಲದು, 2013 ಮತ್ತು ಅನಂತರದವು ತೆರೆಯಲಾರವು. ಆ್ಯಕ್ಸೆಸ್ ಇಲ್ಲದಿದ್ದರೆ, ಲಿನಕ್ಸ್‌ನಲ್ಲಿ ದೊರೆಯುವ ಎಂಡಿಬಿ ಟೂಲ್ಸ್ ಎಂಬ ಮುಕ್ತ ತಂತ್ರಾಂಶವು ಈ ಸ್ವರೂಪವನ್ನು ಓದಿ ಪ್ರತಿಯೊಂದು ಕೋಷ್ಟಕವನ್ನೂ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಬರೆದುಕೊಡುತ್ತದೆ. ತಂತ್ರಾಂಶ ವಿಂಡೋಸ್ 11ರಲ್ಲಿ ಓಡಲಿ, ಓಡದಿರಲಿ, ಈ ವಾರವೇ ಆ ಸಿಎಸ್‌ವಿ ಪ್ರತಿಯನ್ನು ಮಾಡಿಟ್ಟುಕೊಳ್ಳಿ. ಉದ್ದನೆಯ ಟಿಪ್ಪಣಿಗಳಿರುವ ಮೆಮೊ ಅಂಕಣಗಳು ಪೂರ್ತಿಯಾಗಿ ಬಂದಿವೆಯೇ ಎಂದು ಹತ್ತಿಪ್ಪತ್ತು ದಾಖಲೆಗಳನ್ನು ತೆರೆದು ಕಣ್ಣಾರೆ ನೋಡಿ.

ಪುಸ್ತಕಪಾಲಕ

ಡಿಎಒ350 ಮತ್ತು ಎರಡು ಒಸಿಎಕ್ಸ್ ಕಡತಗಳನ್ನು ಸಿಸ್‌ವಾವ್64ರ ರೆಗ್‌ಎಸ್‌ವಿಆರ್32 ಮೂಲಕ ನೋಂದಾಯಿಸಿದ ಮೇಲೆ ತಂತ್ರಾಂಶವು ವಿಂಡೋಸ್ 11ರಲ್ಲಿ ತೆರೆದುಕೊಂಡಿತು. ಮೊದಲ ಸಲ ನಾನು ಸಿಸ್ಟಂ32ರದ್ದನ್ನೇ ಕರೆದಿದ್ದೆ, ಅದರಿಂದ ಫಲ ದೊರೆಯಲಿಲ್ಲ. ಹುಡುಕಾಟ, ಹೊಸ ಪುಸ್ತಕದ ಸೇರ್ಪಡೆ, ಮುದ್ರಣ, ಮೂರೂ ನಡೆಯುತ್ತಿವೆ. ಒಂದು ಹೊಸ ದಾಖಲೆ ಸೇರಿಸಿ, ಎಂಡಿಬಿ ಕಡತದ ಸಮಯ ಬದಲಾಗಿರುವುದನ್ನೂ ವರ್ಚುವಲ್‌ಸ್ಟೋರ್ ಖಾಲಿಯಿರುವುದನ್ನೂ ನೋಡಿಕೊಂಡೆ. ಸಹಾಯದ ಪುಟಗಳು ಮಾತ್ರ ತೆರೆಯುತ್ತಿಲ್ಲ.

ಉತ್ತರ: ಕಡತಶೋಧಕ

ಅವು ಎಚ್‌ಎಲ್‌ಪಿ ಕಡತಗಳಾಗಿರುತ್ತವೆ. ಅವುಗಳನ್ನು ತೋರಿಸುತ್ತಿದ್ದ ವಿನ್‌ಹೆಲ್ಪ್ ಅನ್ನು ವಿಸ್ಟಾದಿಂದಲೇ ವಿಂಡೋಸ್‌ನಿಂದ ಕೈಬಿಟ್ಟಿದ್ದಾರೆ. ಎಕ್ಸ್‌ಪಿಯ ವರ್ಚುವಲ್ ಯಂತ್ರದಲ್ಲಿ ಅವು ತೆರೆಯುತ್ತವೆ, ಆದ್ದರಿಂದ ಆ ಯಂತ್ರವನ್ನು ಅಳಿಸಬೇಡಿ. ಬೇಕಾದ ಪುಟಗಳ ಪಠ್ಯವನ್ನು ಅಲ್ಲಿಯೇ ಒಂದು ಕಡತಕ್ಕೆ ನಕಲಿಸಿ ಹೊರಗೆ ತಂದುಕೊಳ್ಳಬಹುದು. ಹೊರತಂದ ಡಿಎಲ್‌ಎಲ್ ಮತ್ತು ಒಸಿಎಕ್ಸ್ ಕಡತಗಳನ್ನೂ ನೋಂದಣಿಗೆ ಬಳಸಿದ ಕಮಾಂಡುಗಳನ್ನೂ ಐಎಸ್‌ಒ ಪ್ರತಿಯ ಜೊತೆಗೇ ಇಡಿ, ಮುಂದಿನ ಯಂತ್ರಕ್ಕೆ ಹೋಗುವಾಗ ಬೇಕಾಗುತ್ತವೆ.

ಪುಸ್ತಕಪಾಲಕ

ಹಾಗೆಯೇ ಮಾಡಿದ್ದೇನೆ. ಕಮಾಂಡುಗಳನ್ನು ಒಂದು ಪಠ್ಯ ಕಡತದಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ. ಸಿಎಸ್‌ವಿ ಪ್ರತಿಯೂ ಸಿದ್ಧವಾಗಿದೆ. ಮೆಮೊ ಅಂಕಣದ ಅತಿ ಉದ್ದದ ಟಿಪ್ಪಣಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿದೆ, ಎಲ್ಲವೂ ಪೂರ್ತಿಯಾಗಿವೆ.