ಈಗಿನ ಇಲ್ಲಸ್ಟ್ರೇಟರ್‌ಗಳನ್ನ ಹುಡುಕೋದು ಹೆಂಗೆ? ಕೈಯಲ್ಲಿ 4,000 ಐತಿ, ಅನುಭವ ಇದ್ದೋರು ಹೇಳ್ರಿ

ಹಾವೇರಿ_ಪೆನ್ಸಿಲ್:
ನಮಸ್ಕಾರ ಎಲ್ಲಾರಿಗೂ. ಬ್ಯಾಂಕ್ ನೌಕರಿ, 34 ವಯಸ್ಸು, ಕಾಲೇಜಿನ್ಯಾಗ ಬಿಟ್ಟ ಪೆನ್ಸಿಲ್ ಮತ್ತ ಹಿಡದೀನಿ. ಇನ್‌ಸ್ಟಾ ತಗದ್ರ ಎಲ್ಲಾ ಒಂದೇ ನಮೂನಿ, ದೊಡ್ಡ ಕಣ್ಣು ಕೆಂಪು ಗಲ್ಲ, ಯಾರದು ಯಾವುದು ಅಂತ ಗೊತ್ತಾಗವಲ್ದು. ನಮ್ಮ ಕಡೆ ಈಗ ಪುಸ್ತಕಕ್ಕ, ಕತಿಗೆ ಚಲೋ ಚಿತ್ರ ಬರಿಯೋರು (ಇಲ್ಲಸ್ಟ್ರೇಟರ್) ಯಾರು, ಅವರು ಯಾರನ್ನ ನೋಡಿ ಕಲ್ತಾರ, ಇದನ್ನ ಹುಡುಕೋದು ಹೆಂಗ? ಬೋನಸ್‌ದಾಗ 4,000 ಉಳದೈತಿ. ಪುಸ್ತಕ ತಗೊಳ್ಳಲೋ, ಬೆಂಗಳೂರಿನ ಚಿತ್ರಸಂತೆಗೆ ಹೋಗಲೋ?

ಮಲ್ನಾಡ್ ಮಸಿ:
ಚಿತ್ರಸಂತೆ ಅಂದ್ರಲ್ಲ, ನನ್ ಕತೆ ಕೇಳಿ. ಜನವರಿ ಮೊದಲನೇ ಭಾನುವಾರ, ಕುಮಾರಕೃಪಾ ರೋಡು, ಎಂಟ್ರಿ ಫ್ರೀ ಅಂತ ಎಲ್ರೂ ಹೇಳ್ತಾರೆ, ಫ್ರೀ ಏನೂ ಅಲ್ಲ. ಶಿವಮೊಗ್ಗದಿಂದ ಸ್ಲೀಪರ್ ಹೋಗ್ತಾ 750 ಬರ್ತಾ 820, ಬೆಳಗ್ಗೆ ಮುಖ ತೊಳೆಯೋಕೆ ಲಾಡ್ಜ್ 600 (ಎರಡೇ ಗಂಟೆಗೆ!), ಆಟೋದವ್ನು 240, ಊಟ ಕಾಫಿ 310. ಬರೀ ಚಿತ್ರ ನೋಡೋಕೆ 2,720 ಆಯ್ತಾ? ಅದರ ಮೇಲೆ ಒಬ್ಬನ ಹತ್ರ 2,200 ಕೊಟ್ಟು ಒಂದು ಮಳೆಗಾಲದ ಚಿತ್ರ ತಗೊಂಡೆ, ಒರಿಜಿನಲ್ ಅಂತಾನೇ ಹೇಳಿದ್ದ, ಮನೇಲಿ ಫ್ರೇಮ್ ಹಾಕೋನು ಒದ್ದೆ ಬಟ್ಟೆ ಮೂಲೆಗೆ ತಾಗಿಸಿ ಸಾರ್ ಇದು ಕೈಯಲ್ಲಿ ಬರೆದಿದ್ದಲ್ಲ, ಇಂಕ್‌ಜೆಟ್ ಪ್ರಿಂಟು ಅಂದ. ಇವತ್ತಿಗೂ ಆ ಗೋಡೆ ಖಾಲಿ ಬಿಟ್ಟಿದೀನಿ.

ಆದ್ರೆ ಹೋಗಿದ್ದು ವೇಸ್ಟ್ ಅಂತ ಹೇಳಲ್ಲ. ಮಧ್ಯಾಹ್ನ ಮೂರಕ್ಕೆ ಫುಟ್‌ಪಾತ್ ಮೇಲೆ ಒಬ್ರು ವಯಸ್ಸಾದೋರು ಹಳೇ ಬೆಂಗಳೂರು ಗೆರೆ ಎಳೀತಾ ಕೂತಿದ್ರು, ಇದು ಬೆಂಗಳೂರಿನ ಕಾರ್ಟೂನಿಸ್ಟ್ ಪಾಲ್ ಫರ್ನಾಂಡಿಸ್ ಥರ ಇದೆಯಲ್ಲ ಸಾರ್ ಅಂದೆ. ನಕ್ರು. ಫರ್ನಾಂಡಿಸ್ ಅವರ ಕಂಟೋನ್ಮೆಂಟ್ ಚಿತ್ರ ನೋಡಿದ್ರೆ ನಂಗೆ ಗೋವಾದ ಕಾರ್ಟೂನಿಸ್ಟ್ ಮಾರಿಯೋ ಮಿರಾಂಡ ಕಾಣ್ತಾರೆ, ಮಾರಿಯೋನ ನೋಡಿದ್ರೆ ಇಂಗ್ಲೆಂಡಿನ ರೊನಾಲ್ಡ್ ಸರ್ಲ್ ಕಾಣ್ತಾನೆ, ಒಬ್ಬನ್ನ ಹಿಡ್ಕೊಂಡು ಹಿಂದಕ್ಕೆ ನಡೀಬೇಕು ಕಣಪ್ಪ ಅಂದ್ರು. ಮನೆಗೆ ಬಂದು ಸರ್ಲ್ ಹುಡುಕಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಸೆರೆಯಾಳಾಗಿ ಬರ್ಮಾ ರೈಲ್ವೆ ಕೂಲಿ ಮಾಡ್ತಾ, ಸಾಯ್ತಿರೋ ಜೊತೆಯವರನ್ನ ಕದ್ದು ಬರೆದು ಬಚ್ಚಿಟ್ಟ ಮನುಷ್ಯ. ಆ ಗೆರೆ ಯಾಕೆ ಅಷ್ಟು ಮೊನಚು ಅಂತ ಅವತ್ತು ತಿಳೀತು. ಆ ಒಂದು ಮಾತಿಗೆ 4,920 ಕೊಟ್ಟೆ ಅಂದ್ಕೊಂಡಿದೀನಿ.

ಕುಡ್ಲದ ಕ್ಯಾನ್ವಾಸ್:
ಪ್ರಿಂಟ್ ತಗೊಳ್ಳುವಾಗ ಸೈನ್ ನೋಡ್ಲಿಕ್ಕಿಲ್ವಾ ಮಾರಾಯ್ರೆ? ಇಂಥವರಿಂದಲೇ ಸಂತೆಯ ಹೆಸರು ಹಾಳು.

ನಾನು ಪುಸ್ತಕದ ಪಾರ್ಟಿ. ಹೊರದೇಶದಿಂದ ಒಂದು ತರಿಸಿದೆ, ಪುಸ್ತಕ 2,900, ಶಿಪ್ಪಿಂಗ್ 1,480, ಕಸ್ಟಮ್ಸ್ ಬೇರೆ 410, ಹದಿನೇಳು ದಿನ ಟ್ರ್ಯಾಕಿಂಗಲ್ಲಿ ಒಂದೇ ಊರು ತೋರಿಸ್ತಾ ಇತ್ತು, ಬಂದಾಗ ನಾಲ್ಕೂ ಮೂಲೆ ಜಜ್ಜಿ ಹೋಗಿತ್ತು. ಕಂಪ್ಲೇಂಟ್ ಕೊಟ್ರೆ ಫೋಟೋ ಕಳಿಸಿ ಅಂತಾರೆ, ಕಳಿಸಿದ್ರೆ ಮಾತೇ ಇಲ್ಲ. ಆಮೇಲೆ ಬುದ್ಧಿ ಬಂದು ಚೆನ್ನೈ ತಾರಾ ಬುಕ್ಸ್‌ನವರ ಮರಗಳ ಪುಸ್ತಕ ತಗೊಂಡೆ, ಕಪ್ಪು ಕೈಕಾಗದದ ಮೇಲೆ ಒಂದೊಂದು ಪುಟವೂ ಕೈಯಲ್ಲೇ ಸಿಲ್ಕ್‌ಸ್ಕ್ರೀನ್, ಅಂದ್ರೆ ಬಟ್ಟೆಯ ಜಾಲರಿ ಇಟ್ಟು ಇಂಕ್ ಒತ್ತಿ ಅಚ್ಚು ಹಾಕಿದ್ದು. ತೆಗೆದ ಕೂಡ್ಲೇ ಇಂಕಿನ ವಾಸನೆ ಬರ್ತದೆ, ನನ್ನ ಹೆಂಡತಿ ಕಪಾಟಿನಿಂದ ಹೊರಗಿಡಿ ಅಂತ ಗಲಾಟೆ. ಬರೆದವ್ರು ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ. ಮೂವರದ್ದೂ ಮಧ್ಯಪ್ರದೇಶದ ಗೊಂಡ್ ಬುಡಕಟ್ಟಿನ ಚಿತ್ರ, ಹಿಂದಕ್ಕೆ ಹೋದ್ರೆ ಈ ಶೈಲಿ ಶುರು ಮಾಡಿದ ಜಂಗಢ್ ಸಿಂಗ್ ಶ್ಯಾಮ್ ಸಿಗ್ತಾರೆ. ಅವರು ತಮ್ಮ ಊರು ಪಾಟನ್‌ಗಢದ ಗೋಡೆಚಿತ್ರದಿಂದ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕೆ, ಅಲ್ಲಿಂದ 1989ರಲ್ಲಿ ಪ್ಯಾರಿಸ್ಸಿಗೆ, 2001ರಲ್ಲಿ ಜಪಾನಿನಲ್ಲಿ ತೀರಿಹೋದ್ರು.

ಬೋಲ್ಡ್_ಬ್ರಷ್:
ಗುರು ಅವ್ರು ಕೇಳಿದ್ದು ಈಗಿನ ಇಲ್ಲಸ್ಟ್ರೇಟರ್ಸು, ನೀನು ಬುಡಕಟ್ಟು ಜಾನಪದ ಹೇಳ್ತಿದೀಯ. ಅದು ಕ್ರಾಫ್ಟು, ಕಾಂಟೆಂಪರರಿ ಅಲ್ಲ. ನಾನು 62,000 ಕೊಟ್ಟು ಡಿಜಿಟಲ್ ಕೋರ್ಸ್ ಮಾಡಿದೀನಿ, ಅಲ್ಲಿ ಇದರ ಹೆಸರೇ ಬರ್ಲಿಲ್ಲ.

ಕುಡ್ಲದ ಕ್ಯಾನ್ವಾಸ್:
62,000 ಕೊಟ್ಟು ಇಷ್ಟೇ ಕಲಿತದ್ದಾ? ದುರ್ಗಾಬಾಯಿ, ಸುಭಾಷ್ ವ್ಯಾಮ್ ಇಬ್ರೂ ಸೇರಿ ಅಂಬೇಡ್ಕರ್ ಜೀವನವನ್ನ ಗ್ರಾಫಿಕ್ ಕಾದಂಬರಿ ಮಾಡಿದ್ದಾರೆ, 2011ರದ್ದು. ಚೌಕ ಚೌಕ ಬಾಕ್ಸಿಗೆ ಜನರನ್ನ ತುರುಕುದಿಲ್ಲ ಅಂತ ಅವ್ರೇ ಹೇಳಿ, ಪುಟದ ತುಂಬ ದಿಗ್ನಾ (ಗೊಂಡರು ಮನೆಯ ಗೋಡೆ, ನೆಲಕ್ಕೆ ಬರೆಯುವ ವಿನ್ಯಾಸ) ಸುತ್ತು ಹಾಕಿದ್ದಾರೆ. ಒಳ್ಳೆ ಮಾತಾಡುವವರ ಮಾತಿನ ಗುಳ್ಳೆ ಹಕ್ಕಿಯ ಹಾಗೆ, ವಿಷ ಕಾರುವವರದ್ದಕ್ಕೆ ಚೇಳಿನ ಕೊಂಡಿ. ನಿಮ್ಮ ಕೋರ್ಸಿನಲ್ಲಿ ಗುಳ್ಳೆಗೆ ಬಾಲ ಬರೆಯುವುದು ಕಲಿಸಿದ್ರಾ?

ಬೋಲ್ಡ್_ಬ್ರಷ್:
ಪರ್ಸನಲ್ ಆಗ್ಬೇಡ. ಅದು ಇಎಂಐ, ಇನ್ನೂ ಏಳು ಕಂತು ಬಾಕಿ ಇದೆ.

ಅಮ್ಮ_ಮತ್ತು_ಕ್ರೇಯಾನ್:
ನಾನಂತೂ ಒಂದು ಪೈಸೆ ಖರ್ಚು ಮಾಡಿಲ್ಲ, ಹೆಮ್ಮೆಯಿಂದ ಹೇಳ್ತೀನಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲೇ ಮಕ್ಕಳ ಪುಸ್ತಕ ರಾಶಿ ಬಿದ್ದಿದೆ, ಎಲ್ಲದಕ್ಕೂ ಚಿತ್ರ ಬರೆದವರ ಹೆಸರು ಹಾಕಿರ್ತಾರೆ. ಮಗನಿಗೆ ಓದ್ತಾ ಓದ್ತಾ ರಾಜೀವ್ ಐಪ್ ಗೆರೆ, ಪ್ರಿಯಾ ಕುರಿಯನ್ ಗೆರೆ ಹೆಸರು ಮುಚ್ಚಿದ್ರೂ ಗುರುತು ಸಿಗೋ ಹಾಗಾಯ್ತು. ಹಳೇ ಡೈರಿಲಿ ಒಂದು ಪುಟಕ್ಕೆ ಒಬ್ಬರಂತೆ ಅವರ ಮೂಗು, ಚಪ್ಪಲಿ, ನಾಯಿ ಮಾತ್ರ ಕಾಪಿ ಮಾಡ್ತೀನಿ. ಪೈಸೆ ಇಲ್ಲ ಅಂದೆ ಅಲ್ವಾ, ಮಗ ಟ್ಯಾಬ್ ಮೇಲೆ ಹಾರ್ಲಿಕ್ಸ್ ಚೆಲ್ಲಿ ಡಿಸ್‌ಪ್ಲೇಗೆ 5,600 ಆಯ್ತು, ಅದನ್ನ ಇದಕ್ಕೆ ಸೇರಿಸ್ಬೇಡಿ. ನಮ್ಮನೆಯವರು ಸೇರಿಸ್ತಾರೆ.

ರದ್ದಿ ರಾಯರು ಮೈಸೂರು:
ಏನ್ರೀ ಇದು, ಈಗಿನವರು ಈಗಿನವರು ಅಂತ. ಬೇರು ಗೊತ್ತಿಲ್ಲದೆ ಎಲೆ ಎಣಿಸ್ತೀರಾ? ನಮ್ಮೂರಿನ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಪೇಪರಲ್ಲಿ ಡೇವಿಡ್ ಲೋ ಕಾರ್ಟೂನ್ ನೋಡ್ತಾ, ಅದರ ಕೆಳಗಿನ Low ಅನ್ನೋ ಸಹಿಯನ್ನ ಎಷ್ಟೋ ಕಾಲ ‘ಕೌ’ ಅಂತ ಓದ್ಕೊಂಡಿದ್ರಂತೆ, ಹಸು ಅಂತ! ಹೆಸರು ಗೊತ್ತಿಲ್ಲದೇ ಗುರು ಮಾಡ್ಕೊಂಡ್ರು. ಚಂದಮಾಮ ಕನ್ನಡದಲ್ಲಿ 1949ರಿಂದ ಬಂತು, ಎಂ.ಟಿ.ವಿ. ಆಚಾರ್ಯರ ಮುಖಪುಟ ನೋಡಿದ್ದೀರಾ? ಶಂಕರ್ ಬರೆದ ಬೇತಾಳ, ವಿಕ್ರಮನ ಹೆಗಲ ಮೇಲೆ? ನನ್ನ ಹತ್ರ ಹನ್ನೊಂದು ವರ್ಷದ್ದು ಬೈಂಡ್ ಮಾಡ್ಸಿ ಇತ್ತು, ಒಂದೊಂದಕ್ಕೆ 350 ಕೊಟ್ಟು ಕ್ಯಾಲಿಕೊ ಬಟ್ಟೆ ಹಾಕ್ಸಿದ್ದೆ. ನನ್ನ ತಮ್ಮ, ಮನೆ ಖಾಲಿ ಮಾಡೋವಾಗ ನಾಲ್ಕು ವರ್ಷದ್ದು ಕೆಜಿಗೆ ಹನ್ನೆರಡು ರೂಪಾಯಿ ಹಾಗೆ ರದ್ದಿಗೆ ಕೊಟ್ಬಿಟ್ಟ. ಎರಡು ವರ್ಷದ್ದು ಗೆದ್ದಲಿಗೆ. ತಮ್ಮನ ಜೊತೆ ಮಾತು ಬಿಟ್ಟು ಆರು ವರ್ಷ ಆಯ್ತು. ಇನ್ನೊಂದು ಮಾತು, ಅಮರ ಚಿತ್ರ ಕಥಾ ಕಾಮಿಕ್ಸ್ ಶುರುವಾಗಿದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಲ್ಲಿ. ಅದನ್ನ ಹೊರತರೋ ಮುಂಬೈಯವರು ಒಪ್ಪಲ್ಲ ಅಷ್ಟೆ.

ಬೋಲ್ಡ್_ಬ್ರಷ್:
ಅವು ಸಿಂಡ್ರೆಲಾ ಗಿಂಡ್ರೆಲಾ ಕತೆಗಳು ಅಂಕಲ್, ನಮ್ಮ ಕತೆ ಬಂದಿದ್ದು 11ನೇ ನಂಬರ್ ‘ಕೃಷ್ಣ’ ಪುಸ್ತಕದಿಂದ, ಅದರ ಚಿತ್ರ ಬರೆದಿದ್ದು ರಾಮ್ ವಾಯಿರ್‌ಕರ್.

ರದ್ದಿ ರಾಯರು ಮೈಸೂರು:
ಸಿಂಡ್ರೆಲಾ ಆದ್ರೇನು, ಅಚ್ಚಾಗಿದ್ದು ಯಾವ ಭಾಷೇಲಿ? ಅದರ ಸಂಪಾದಕ ಅನಂತ ಪೈ ಕಾರ್ಕಳದವರು, ಅದಾದ್ರೂ ಗೊತ್ತಾ? ಅಂಕಲ್ ಅನ್ನಬೇಡಿ.

ಕುಡ್ಲದ ಕ್ಯಾನ್ವಾಸ್:
ಕಾರ್ಕಳ ಅಂದ ಮೇಲೆ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನ ಬಿಟ್ಟದ್ದು ಯಾಕೆ? ಅವರ ಊರು ಉಡುಪಿ ಹತ್ರದ ಕಟ್ಟಿಂಗೇರಿ, ಯಕ್ಷಗಾನ ನೋಡಿ ಬೆಳೆದ ಕೈ. ಅವರ ಕುಣಿಯುವ ಒಂದು ಗೆರೆಯ ಎದುರು ನಿಮ್ಮ ಮೈಸೂರಿನ...

ರದ್ದಿ ರಾಯರು ಮೈಸೂರು:
ಮೈಸೂರಿನ ಸುದ್ದಿಗೆ ಬರಬೇಡಿ.

ಹಾವೇರಿ_ಪೆನ್ಸಿಲ್:
ಎಲ್ಲಾರಿಗೂ ಥ್ಯಾಂಕ್ಸ್ ರೀ. ಡೈರಿ ಇವತ್ತ ಸಂಜಿ ತಗೊಂಡೆ, 60 ರೂಪಾಯಿ. ಆದ್ರ ಉಳದ 3,940 ಏನ್ ಮಾಡ್ಲಿ ಅಂತ ಯಾರೂ ಹೇಳಲಿಲ್ಲ. ಜನವರಿಗೆ ಹೋಗಲೋ ಬ್ಯಾಡೋ?

ಮಲ್ನಾಡ್ ಮಸಿ:
ಹೋಗಿ. ಒದ್ದೆ ಕರ್ಚೀಫ್ ಇಟ್ಕೊಂಡು ಹೋಗಿ. ರಾಯರೇ, ಉಳಿದಿರೋ ಐದು ವರ್ಷದ ಬೈಂಡಲ್ಲಿ 1973 ಇದ್ಯಾ? ಕೊಡೋ ಹಾಗಿದ್ರೆ ರೇಟ್ ಹೇಳಿ.

ರದ್ದಿ ರಾಯರು ಮೈಸೂರು:
ಇದೆ. ಕೊಡಲ್ಲ.