ಗಡಿಯಾರ ಕಾರ್ಖಾನೆಯನ್ನು ಮುಚ್ಚಿಸಿದ್ದು ಮುಷ್ಕರವೇ? ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ರಘು (ಬೆಂಗಳೂರು), ಬೆಳಿಗ್ಗೆ 7.40
ಹಲವು ಬಾರಿ ರವಾನೆಯಾದ ಸಂದೇಶ: "ಎಚ್‌ಎಂಟಿ ಗಡಿಯಾರ ನಿಂತುಹೋದದ್ದು ಏಕೆಂದು ಗೊತ್ತೇ? 77 ದಿನಗಳ ಮುಷ್ಕರದಿಂದ! ಕಾರ್ಮಿಕ ಸಂಘಗಳು ಉಂಡ ಮನೆಗೆ ಎರಡು ಬಗೆದವು. ಎಲ್ಲ ಗುಂಪುಗಳಿಗೂ ಕಳುಹಿಸಿ."

ಶಿರಸಿ ಅತ್ತೆ, ಬೆಳಿಗ್ಗೆ 8.15
ರಘು, ಇದನ್ನು ಓದಿ ನನಗೆ ನಿಜವಾಗಿಯೂ ನೋವಾಯಿತು. ಆ 77 ದಿನ ಗೇಟಿನ ಹೊರಗೆ ನಿಂತವರಲ್ಲಿ ನಾನೂ ಒಬ್ಬಳು. ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟದಲ್ಲಿ ಕೂದಲೆಳೆಯಂಥ ಬಿಡಿಭಾಗಗಳನ್ನು ಕೂರಿಸುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರೇ ಆಗಿದ್ದೆವು. ಮುಷ್ಕರ ಆರಂಭವಾದದ್ದು 1980ರ ಡಿಸೆಂಬರ್ ಕೊನೆಯ ವಾರದಲ್ಲಿ, ಮುಗಿದದ್ದು 1981ರ ಮಾರ್ಚ್‌ನಲ್ಲಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ನಡುವಿನ 35 ವರ್ಷಗಳ ಲೆಕ್ಕವನ್ನು ಈ ಸಂದೇಶ ಬರೆದವರು ಎಲ್ಲಿ ಬಿಟ್ಟರು?

ರಘು, ಬೆಳಿಗ್ಗೆ 8.31
ಅತ್ತೆ, ನಿಮ್ಮನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ. ಆದರೆ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಮುಷ್ಕರ ಮುಗಿದ ಮೇಲೂ ಕಾರ್ಖಾನೆಯೊಳಗೆ ಅಪನಂಬಿಕೆ ಬಹುಕಾಲ ಉಳಿಯುತ್ತದೆ ಎಂಬುದು ಗೊತ್ತು. 1982ರ ಜನವರಿ 18ರಂದು ಮುಂಬಯಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಎಷ್ಟೋ ಜನರಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲವಲ್ಲ.

ಅಂಕೋಲಾ ದೊಡ್ಡಪ್ಪ, ಬೆಳಿಗ್ಗೆ 9.05
ಮುಂಬಯಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಅಲ್ಲಿಯ 1946ರ ಕಾಯ್ದೆಯ ಪ್ರಕಾರ ಒಂದು ಉದ್ಯಮದಲ್ಲಿ ಒಂದೇ ಪ್ರಾತಿನಿಧಿಕ ಸಂಘಕ್ಕೆ ಮಾತುಕತೆಯ ಅಧಿಕಾರವಿತ್ತು; ಕಾರ್ಮಿಕರು ನಂಬಿದ್ದು ಬೇರೆ ನಾಯಕನನ್ನು, ಸರ್ಕಾರ ಮಾತಾಡಲು ಸಿದ್ಧವಿದ್ದದ್ದು ಇನ್ನೊಂದು ಸಂಘದೊಡನೆ. ಆ ಗಂಟು ಬಿಚ್ಚದೆ ಉಳಿದದ್ದರಿಂದಲೇ ಮುಷ್ಕರ ಅಷ್ಟು ಉದ್ದಕ್ಕೆ ಹೋಯಿತು. ಸಂಘ ಕಟ್ಟುವುದು ನಮ್ಮ ಜಿಲ್ಲೆಗೆ ಹೊರಗಿನಿಂದ ಬಂದದ್ದೂ ಅಲ್ಲ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದವರು. ಇಲ್ಲಿ ಗೇಣಿ ರೈತರನ್ನು ಒಟ್ಟುಗೂಡಿಸಿದ್ದಕ್ಕೆ ಬ್ರಿಟಿಷ್ ಸರ್ಕಾರದಿಂದ ಜಿಲ್ಲೆಯ ಹೊರಗಿರುವ ಶಿಕ್ಷೆ ಅನುಭವಿಸಿದವರು. ನಾವು ಉಣ್ಣುವ ಗದ್ದೆಯ ಅನ್ನದಲ್ಲಿ ಆ ಹೋರಾಟದ ಪಾಲಿದೆ.

ಆದರೂ ತಂಗಿ, ಒಂದು ಮಾತನ್ನು ಅಂದೇ ಹೇಳಿದ್ದೆ, ಇಂದೂ ಹೇಳುತ್ತೇನೆ. ಎರಡನೆಯ ತಿಂಗಳು ಸಂಬಳವಿಲ್ಲದೆ ನೀನು ಪತ್ರ ಬರೆದಾಗ ಬಸ್ಸಿನ ಮೇಲೆ ಕುಚ್ಚಲಕ್ಕಿ ಮೂಟೆ ಹಾಕಿ ಕಳುಹಿಸಿದವನು ನಾನು. ನಿಮ್ಮ ಮುಂದಾಳುಗಳಿಗೆ ಮುಷ್ಕರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯಲಿಲ್ಲ.

ಶಿರಸಿ ಅತ್ತೆ, ಬೆಳಿಗ್ಗೆ 9.48
ಅಣ್ಣ, ಆ ಮೂಟೆಯನ್ನು ನಾವು ನಾಲ್ಕು ಮನೆಯವರು ಹಂಚಿಕೊಂಡಿದ್ದೆವು. ನಿಲ್ಲಿಸುವ ಹೊತ್ತು ತಪ್ಪಿತು ಎಂಬುದನ್ನು ನಾನು ಒಪ್ಪುತ್ತೇನೆ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್, ಈ ಐದು ಕಂಪನಿಗಳ ಸಂಘಗಳು ಸೇರಿ ಜಂಟಿ ರಂಗ ಕಟ್ಟಿಕೊಂಡು ಕೇಳಿದ್ದು ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನವನ್ನು. ಎಲ್ಲವೂ ಕೇಂದ್ರದ ಉದ್ದಿಮೆಗಳೇ ಆಗಿರುವಾಗ ಒಂದೇ ಬಗೆಯ ಕೆಲಸಕ್ಕೆ ಬೇರೆ ಬೇರೆ ಸಂಬಳವೇಕೆ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ನಾವು ಕೇಳಿದ ಆ ಸಮಾನತೆ ದೊರೆಯಲಿಲ್ಲ; ಸೋತೇ ಒಳಗೆ ಹೋದೆವು. ಸೋತವರು ಕಾರ್ಖಾನೆಯನ್ನು ಹಿಂಡಿ ಹಾಕಿದರು ಎಂದರೆ ನಂಬುವುದು ಹೇಗೆ?

ರಘು, ಈಗ ಗಡಿಯಾರದ ವಿಷಯಕ್ಕೆ ಬರುತ್ತೇನೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಆರಂಭವಾದ ನಮ್ಮ ಕಾರ್ಖಾನೆಯ ಬಲವೆಲ್ಲ ಕೀಲಿ ಕೊಡುವ ಯಾಂತ್ರಿಕ ಗಡಿಯಾರದಲ್ಲಿತ್ತು. 1980ರ ದಶಕದ ಉತ್ತರಾರ್ಧದಲ್ಲಿ ಹೊಸೂರಿನಿಂದ ಟೈಟಾನ್ ಕ್ವಾರ್ಟ್ಜ್ ಗಡಿಯಾರಗಳು ಅಂಗಡಿಗೆ ಬಂದವು. ಬ್ಯಾಟರಿಯಲ್ಲಿ ನಡೆಯುವ, ತೆಳ್ಳಗಿನ, ನೋಡಲು ಚೆಂದದ ಗಡಿಯಾರಗಳು. ಎಚ್‌ಎಂಟಿಗೆ ಕ್ವಾರ್ಟ್ಜ್ ತಿಳಿಯದ ವಿದ್ಯೆಯಲ್ಲ, ಆದರೆ ಭಾರವನ್ನೆಲ್ಲ ಹಳೆಯ ಮಾದರಿಯ ಮೇಲೆಯೇ ಇಟ್ಟಿತು. ಯಾವ ಗಡಿಯಾರ ಮಾಡಬೇಕು, ಯಾವ ಯಂತ್ರ ತರಬೇಕು, ಅಂಗಡಿ ಹೇಗಿರಬೇಕು ಎಂಬ ತೀರ್ಮಾನಗಳಲ್ಲಿ ಚಿಮಟ ಹಿಡಿದ ಒಬ್ಬ ಹೆಂಗಸಿನ ಮಾತೂ ಇರಲಿಲ್ಲ. ದುಬಾರಿ ಸಂಬಳದಿಂದ ಮುಳುಗಿತು ಎನ್ನುವವರು ಇನ್ನೊಂದನ್ನು ನೋಡಲಿ: 2016ರಲ್ಲಿ ಮುಚ್ಚುವಾಗ ಉಳಿದಿದ್ದ ನೌಕರರಿಗೆ ಸ್ವಯಂ ನಿವೃತ್ತಿಯ ಹಣವನ್ನು 2007ರ ವೇತನ ಶ್ರೇಣಿಯನ್ನು ಲೆಕ್ಕಕ್ಕಷ್ಟೇ ಹಿಡಿದು ಕೊಡಬೇಕಾಯಿತು. ಏಕೆಂದರೆ ಅವರ ನಿಜವಾದ ವೇತನ ಅದಕ್ಕಿಂತಲೂ ಹಿಂದೆ ಉಳಿದಿತ್ತು.

ರಘು, ಬೆಳಿಗ್ಗೆ 10.20
2007ರ ಶ್ರೇಣಿಯ ವಿಷಯವನ್ನು ಈಗ ಹುಡುಕಿ ನೋಡಿದೆ, ಅದು ಸರಿ. ಸಂದೇಶ ಕಳುಹಿಸುವ ಮೊದಲೇ ನೋಡಬೇಕಿತ್ತು. ಆದರೆ ಸಂಘಗಳಲ್ಲಿ ತಪ್ಪೇ ಇರಲಿಲ್ಲ ಎನ್ನುತ್ತೀರಾ?

ಶಿರಸಿ ಅತ್ತೆ, ಬೆಳಿಗ್ಗೆ 10.44
ಇತ್ತು. ನಾವು ಸಂಬಳ, ಬೋನಸ್, ಕ್ಯಾಂಟೀನು, ಬಸ್ಸು ಇವುಗಳ ಬಗ್ಗೆ ಜಗಳವಾಡಿದೆವು. ಕಾರ್ಖಾನೆ ಏನನ್ನು ತಯಾರಿಸಬೇಕು ಎಂಬ ಪ್ರಶ್ನೆಯನ್ನು ನಮ್ಮದೆಂದು ಎಣಿಸಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಸ ಗುಡಿಸುವವರು, ಸರಕು ಹೊರುವವರು ಎಂಬ ಗುತ್ತಿಗೆಯ ಜನ ನಮ್ಮ ಕಣ್ಣೆದುರಿಗೇ ಇದ್ದರೂ ಅವರನ್ನು ನಮ್ಮವರೆಂದು ನಾನು ಒಂದು ದಿನವೂ ಎಣಿಸಲಿಲ್ಲ. ಇದನ್ನು ಯಾರ ಮೇಲೂ ಹೊರಿಸುವುದಿಲ್ಲ, ನನ್ನದೇ ತಪ್ಪು.

ಸುಮಂತ (ಕಾರವಾರ), ಬೆಳಿಗ್ಗೆ 11.02
ಅತ್ತೆ, ನೀವು ಹೇಳುತ್ತಿರುವ ಗುತ್ತಿಗೆಯ ಜನ ಈಗ ನಾನೇ. ಕಾಳಿ ಸೇತುವೆ ದಾಟಿ ಗೋವಾದ ಕೈಗಾರಿಕಾ ವಸಾಹತಿಗೆ ಹೋಗುವ ಹುಡುಗರಲ್ಲಿ ಬಹಳ ಜನ ಗುತ್ತಿಗೆದಾರರ ಹೆಸರಿನಲ್ಲಿ ದುಡಿಯುವವರು. ಕಾಯಂ ನೌಕರನ ಪಕ್ಕದಲ್ಲಿ ನಿಂತು ಅದೇ ಯಂತ್ರ ನಡೆಸುತ್ತೇನೆ. ಹನ್ನೆರಡು ಗಂಟೆ ಕೆಲಸ ಮಾಡಿಸಿದ ದಿನವೂ ಹೆಚ್ಚಿನ ಗಂಟೆಗಳಿಗೆ ಒಂದು ಪಟ್ಟು ಕೂಲಿಯನ್ನೇ ಕೊಡುತ್ತಾರೆ. ರಘು ಅಣ್ಣ, 77 ದಿನಗಳ ವಿಷಯ ಹಾಗಿರಲಿ, ಏಳು ನಿಮಿಷ ಕೆಲಸ ನಿಲ್ಲಿಸಿದರೂ ಮರುದಿನ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ.

ರಘು, ಬೆಳಿಗ್ಗೆ 11.30
ಸುಮಂತ, ಈ ವಿಷಯವನ್ನು ನೀನು ಇಷ್ಟು ದಿನ ಹೇಳಿರಲಿಲ್ಲ. ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ನಿಯಮ. ಹೊಸ ಕಾರ್ಮಿಕ ಸಂಹಿತೆಗಳೂ ಹೆಚ್ಚಿನ ದುಡಿಮೆಗೆ ಎರಡು ಪಟ್ಟನ್ನೇ ಉಳಿಸಿಕೊಂಡಿವೆ. ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಕೊಡಬೇಕಾಗುತ್ತದೆ. ಮುಷ್ಕರದ ಮಟ್ಟಿಗೆ ಮಾತ್ರ ನಿಯಮ ಬಿಗಿಯಾಗಿದೆ: ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ 14 ದಿನ ಮೊದಲೇ ನೋಟಿಸ್ ಕೊಡದೆ ಮುಷ್ಕರ ಹೂಡುವಂತಿಲ್ಲ. ನಾನು ಇದುವರೆಗೆ ಈ ನಿಯಮಗಳನ್ನು ಕಂಪನಿಯ ಕಡೆಯಿಂದ ಮಾತ್ರ ಓದಿದ್ದೇನೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅಂಕೋಲಾ ದೊಡ್ಡಪ್ಪ, ಬೆಳಿಗ್ಗೆ 11.41
ಮೊದಲು ಆ ಸಂದೇಶವನ್ನು ಇಲ್ಲಿಂದ ಅಳಿಸು ರಘು. ಇನ್ನೆಷ್ಟು ಗುಂಪುಗಳಿಗೆ ಕಳುಹಿಸಿದ್ದೀಯೋ ಅಲ್ಲಿಗೆಲ್ಲ ನಿನ್ನ ಅತ್ತೆ ಬರೆದದ್ದನ್ನೂ ಕಳುಹಿಸು.

ರಘು, ಬೆಳಿಗ್ಗೆ 11.52
ಮೂರು ಗುಂಪುಗಳಿಗೆ ಕಳುಹಿಸಿದ್ದೆ, ಮೂರಕ್ಕೂ ಕಳುಹಿಸುತ್ತೇನೆ. ಸಂಘಗಳ ಬಗೆಗಿನ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಎಂದು ಹೇಳಲಾರೆ. ಸುಮಂತ, ನಿನ್ನ ಕಳೆದ ಮೂರು ತಿಂಗಳ ವೇತನ ಚೀಟಿ ಮತ್ತು ಹಾಜರಾತಿ ಕಾರ್ಡಿನ ಚಿತ್ರಗಳನ್ನು ಗುಂಪಿನಲ್ಲಿ ಹಾಕಬೇಡ, ನನಗೆ ಪ್ರತ್ಯೇಕವಾಗಿ ಕಳುಹಿಸು.

ಸುಮಂತ, ಬೆಳಿಗ್ಗೆ 11.58
ವೇತನ ಚೀಟಿಯನ್ನು ನಮಗೆ ಕೊಡುವುದೇ ಇಲ್ಲ ಅಣ್ಣ.